ವಾಷರಣ್ಣನ ಅರ್ಧ ಸುತ್ತು

ನಲವತ್ತು ವರ್ಷ ನಲ್ಲಿ ರಿಪೇರಿ ಮಾಡಿದ ಮನುಷ್ಯನಿಗೆ ವಾಷರಣ್ಣ ಎಂಬ ಹೆಸರು ಬಿದ್ದದ್ದರಲ್ಲಿ ಆಶ್ಚರ್ಯವೇನಿಲ್ಲ. ಅವನ ಜೇಬು ತಡಕಿದರೆ ಚಿಲ್ಲರೆಗಿಂತ ಹೆಚ್ಚಾಗಿ ನಲ್ಲಿಯ ವಾಷರುಗಳೇ ಸಿಗುತ್ತಿದ್ದವು. ಹೋದ ವರ್ಷ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದ ಮೇಲೆ ಜೇಬೂ ಖಾಲಿಯಾಯಿತು. ಅಂಗಿಯ ಗುಂಡಿ ಹಾಕಲು ಮಗ, ಹಣ್ಣು ಹೆಚ್ಚಿ ಕೊಡಲು ಸೊಸೆ. "ನೀವೇನೂ ಮುಟ್ಟಬೇಡಿ ಮಾವ, ನಾವಿದ್ದೀವಲ್ಲ" ಎಂದು ಸೊಸೆ ಪ್ರೀತಿಯಿಂದಲೇ ಹೇಳುತ್ತಿದ್ದಳು. ಅವನಿಗೆ ಮಾತ್ರ ಅದು ಬೈಗುಳಕ್ಕಿಂತ ಕಷ್ಟವಾಗುತ್ತಿತ್ತು.

ಅವನ ಪಾಲಿಗೆ ಉಳಿದದ್ದು ಒಂದೇ ಕೆಲಸ. ಔಷಧಿ ಅಂಗಡಿಯ ಕೆಲಸ ಮುಗಿಸಿ ಸೊಸೆ ಸಂಜೆ ಬೆವರಿಳಿಸಿಕೊಂಡು ಬರುವ ಹೊತ್ತಿಗೆ, ಫ್ರಿಜ್ಜಿನ ಬಾಗಿಲಲ್ಲೇ ಐಸ್ ಬೀಳುವ ಗೂಡಿಗೆ ಎಡಗೈಯಿಂದ ಲೋಟ ಒತ್ತಿ, ನಾಲ್ಕು ತುಂಡು ಐಸ್ ಬೀಳಿಸಿಕೊಂಡು, ನೀರು ತುಂಬಿ ಕೊಡುವುದು. ಈ ಮನೆಯಲ್ಲಿ ಅವನು ಇನ್ನೊಬ್ಬರಿಗಾಗಿ ಮಾಡುತ್ತಿದ್ದದ್ದು ಅಷ್ಟೇ. ಎಂಟು ದಿನದಿಂದ ಅದಕ್ಕೂ ಕಲ್ಲು ಬಿದ್ದಿತ್ತು. ಲೋಟ ಒತ್ತಿದರೆ ಒಳಗೆ ಗರಗರ ಸದ್ದು, ಬೀಳುವುದು ಸೊನ್ನೆ.

ಮೆಕ್ಯಾನಿಕ್ ಬಂದ, ಫ್ರೀಜರ್ ತೆಗೆದ, ಮುಚ್ಚಿದ. ಪಕ್ಕದಲ್ಲೇ ನಿಂತಿದ್ದ ವಾಷರಣ್ಣನನ್ನು ಮನೆಯ ಸಾಮಾನೇನೋ ಎಂಬಂತೆ ಬಳಸಿಕೊಂಡು ಹೋಗಿ ಸೊಸೆಗೆ ಹೇಳಿದ: "ಐಸ್ ಕಟ್ತಿಲ್ಲ ಮೇಡಂ. ಐಸ್ ಮೇಕರ್ ಪೂರ್ತಿ ಹೋಗಿದೆ. ಶನಿವಾರ ಹೊಸದು ತಂದು ಹಾಕ್ತೀನಿ."

"ನೀರು ಬರ್ತಿದೆಯಾ ನೋಡಿದ್ಯಾ?" ಎಂದು ವಾಷರಣ್ಣ ಕೇಳಿದ.

"ಅದೆಲ್ಲ ಒಳಗಿನ ವಿಷಯ ತಾತ" ಎಂದು ಅವನು ಬ್ಯಾಗ್ ಹೆಗಲಿಗೇರಿಸಿದ.

ವಾಷರಣ್ಣನಿಗೆ ಮೈಯೆಲ್ಲ ಉರಿಯಿತು. ನೀರಿನ ವಿಷಯ ತನಗೆ ಹೇಳಿಕೊಡುವವನು ಇನ್ನೂ ಹುಟ್ಟಬೇಕಷ್ಟೆ. ಶನಿವಾರಕ್ಕೆ ಮೂರು ದಿನವಿತ್ತು, ಅಷ್ಟರೊಳಗೆ ಇದರ ಮೂಲ ಹಿಡಿಯದೆ ಬಿಡುವುದಿಲ್ಲ ಎಂದು ತೀರ್ಮಾನಿಸಿದ.

ಮರುದಿನ ಬೆಳಿಗ್ಗೆ ಮಗ ಸೊಸೆ ಕೆಲಸಕ್ಕೆ ಹೊರಟದ್ದೇ ತಡ, ಫ್ರಿಜ್ಜಿನ ಮುಂದೆ ಸ್ಟೂಲ್ ಎಳೆದುಕೊಂಡು ಕೂತ. ಅವನ ಕೆಲಸದ ರೀತಿ ಯಾವತ್ತೂ ಒಂದೇ: ನೀರು ನಿಂತ ಕಡೆಯಿಂದ ಅದು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುವುದು. ಐಸ್ ಮೇಕರ್ ಪಕ್ಕದ ತಂತಿ ಮೇಲೆದ್ದಿದ್ದರೆ ಯಂತ್ರ ಕೆಲಸ ನಿಲ್ಲಿಸುತ್ತದೆ, ಅದು ಕೆಳಗೇ ಇತ್ತು. ಹಿಂದಿನ ದಿನ ಒಳಗಿಟ್ಟಿದ್ದ ಬಟ್ಟಲು ನೀರು ಕಲ್ಲಾಗಿತ್ತು, ಅಂದರೆ ತಂಪಿಗೇನೂ ಬರವಿಲ್ಲ. ಐಸ್ ಬಂದು ಬೀಳುವ ಡಬ್ಬದ ತಳದಲ್ಲಿ ಎಂಟು ದಿನದ ಹಿಂದೆ ಕೊನೆಯದಾಗಿ ಬಿದ್ದ ಎರಡು ತುಂಡು ಐಸ್ ಇದ್ದವು, ಕತ್ತರಿಸಿದ ಉಗುರಿನ ಹಾಗೆ ತೆಳ್ಳಗೆ. ವಾಷರಣ್ಣನ ಕಿವಿ ನೆಟ್ಟಗಾಯಿತು. ಐಸ್ ಸಣ್ಣಗಾಗುತ್ತಾ ಬಂದು ನಿಂತಿದೆ ಎಂದರೆ ಸಾಲದೆ ಹೋದದ್ದು ನೀರು.

ಐಸ್ ಕಟ್ಟುವ ಅಚ್ಚಿಗೆ ನೀರು ಸುರಿಯುವ ಕೊಳವೆಯ ಬಾಯಿಗೆ ಬೆರಳಿಟ್ಟು ನೋಡಿದ. ಗಟ್ಟಿ ಐಸ್. ನೀರು ಧಾರೆಯಾಗಿ ಬೀಳದೆ ತೊಟ್ಟಿಕ್ಕಿ ಕೊಳವೆಯೊಳಗೇ ಹೆಪ್ಪುಗಟ್ಟಿತ್ತು. ಪ್ಲಗ್ ಕಿತ್ತು, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಅದಕ್ಕೆ ಸುತ್ತಿದ. ಒಂದೇ ಕೈಯಲ್ಲಿ ಬಟ್ಟೆ ಹಿಂಡಲಾಗದೆ ಮೊದಲ ಸಲ ನೀರೆಲ್ಲ ಮೊಣಕೈಗೆ ಇಳಿಯಿತು. ಎರಡನೇ ಸಲ ಬಟ್ಟೆಯನ್ನು ಸಿಂಕಿನ ನಲ್ಲಿಗೆ ಸಿಕ್ಕಿಸಿ ಹಿಂಡಿದ. ಏಳನೇ ಸಲಕ್ಕೆ ಕೊಳವೆಯ ಐಸ್ ಕರಗಿ ಜಾರಿ ಬಿತ್ತು.

ಆದರೆ ನೀರು ತೊಟ್ಟಿಕ್ಕಿದ್ದೇಕೆ? ಪೈಪಿನ ಗುಂಟ ಸಿಂಕಿನ ಕೆಳಗಿನ ಕಪಾಟಿಗೆ ಬಂದು ಮಂಡಿಯೂರಿದ. ಅಲ್ಲೊಂದು ಸಣ್ಣ ವಾಲ್ವ್. ತೆರೆಯುವ ಕಡೆ ಎಂದುಕೊಂಡು ತಿರುಗಿಸಿದರೆ ಅರ್ಧ ಸುತ್ತಿಗೇ ಬಿಗಿಯಾಗಿ ನಿಂತಿತು. ಉಲ್ಟಾ ತಿರುಗಿಸಿದರೆ ಒಂದು, ಎರಡು, ಮೂರು ಸುತ್ತು ಹೋಗುತ್ತಲೇ ಇತ್ತು. ಆಮೇಲೆ ಪ್ಲಗ್ ಹಾಕಿ ಕಾದ. ಅಚ್ಚಿಗೆ ನೀರು ಸೊಯ್ಯನೆ ಸುರಿಯಿತು.

ವಾಷರಣ್ಣ ನೆಲದ ಮೇಲೆ ಕೂತುಬಿಟ್ಟ. ಮೂರು ವಾರದ ಹಿಂದೆ ಕಪಾಟಿನಲ್ಲಿ ತೇವ ಕಂಡು, ಯಾರಿಗೂ ಹೇಳದೆ ವಾಲ್ವ್ ಮುಚ್ಚಿ, ನಟ್ ಬಿಗಿಮಾಡಿ, ಮತ್ತೆ ತೆರೆದವನು ಅವನೇ. ಪೂರ್ತಿ ತೆರೆದ ಮೇಲೆ, ವಾಲ್ವ್ ಕಚ್ಚಿಕೊಳ್ಳದಿರಲಿ ಎಂದು ಅರ್ಧ ಸುತ್ತು ಹಿಂದಕ್ಕೆ ಬಿಡುವುದು ಅವನ ಕಸುಬಿನ ಅಭ್ಯಾಸ. ಮಣಿಕಟ್ಟು ಒಳಕ್ಕೆ ತಿರುಗಿದರೆ ತೆರೆಯುತ್ತದೆ ಎಂದು ಬಲಗೈ ಕಲಿತಿತ್ತು, ಎಡಗೈಗೆ ಆ ಪಾಠವೇ ಉಲ್ಟಾ. ಮುಚ್ಚಿದೆ ಎಂದುಕೊಂಡು ತೆರೆದಿದ್ದ, ತೆರೆದೆ ಎಂದುಕೊಂಡು ಪೂರ್ತಿ ಮುಚ್ಚಿದ್ದ. ಹಿಂದಕ್ಕೆ ಬಿಟ್ಟ ಆ ಅರ್ಧ ಸುತ್ತಿನಲ್ಲೇ ಇಷ್ಟು ದಿನ ನೀರು ಬಂದದ್ದು.

ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಿಟ್ಟರೆ ಇರುವ ಒಂದು ಕೆಲಸವೂ ಕೈತಪ್ಪಬಹುದು. ಅವನಿಗೆ ನಿಜಕ್ಕೂ ಭಯವಾಯಿತು. ಆದರೂ ತನ್ನ ತಪ್ಪನ್ನು ಯಂತ್ರದ ತಲೆಗೆ ಕಟ್ಟಿ ಜಾರಿಕೊಂಡರೆ ನಲವತ್ತು ವರ್ಷದ ಕೆಲಸಕ್ಕೇ ಮಸಿ ಬಳಿದಂತೆ ಎನ್ನಿಸಿತು.

ಸಂಜೆ ಸೊಸೆ ಬಂದಳು. ಡಬ್ಬದಲ್ಲಿ ಆರೇಳು ದಪ್ಪ ಐಸ್ ತುಂಡು ಬಿದ್ದಿದ್ದವು. ಅವುಗಳನ್ನು ತೋರಿಸುವ ಮೊದಲೇ ವಾಷರಣ್ಣ ಒಂದೂ ಬಿಡದೆ ಎಲ್ಲ ಹೇಳಿದ. ಅವಳು ಹೆಗಲ ಚೀಲ ಇಳಿಸದೆ ಕೇಳಿಸಿಕೊಂಡಳು.

"ಅಂದ್ರೆ ಕೆಡಿಸಿದ್ದೂ ನೀವೇ?"

"ನಾನೇ ಕಣಮ್ಮ."

"ಕಂಡುಹಿಡಿದಿದ್ದೂ ನೀವೇ."

ಸೊಸೆಯ ಮುಖಕ್ಕೆ ಬಂದಿದ್ದ ಸಿಟ್ಟು ಸ್ವಲ್ಪ ಹೊತ್ತು ನಿಂತು ಇಳಿಯಿತು. ಅವಳು ಮೆಕ್ಯಾನಿಕ್‌ಗೆ ಫೋನ್ ಮಾಡಿ, "ಶನಿವಾರ ಬರೋದು ಬೇಡ, ಸರಿಹೋಯ್ತು" ಎಂದಳು. ಏನಾಗಿತ್ತು ಎಂದು ಅವನು ಕೇಳಿರಬೇಕು. "ತಡೀರಿ, ಅವರೇ ಹೇಳ್ತಾರೆ" ಎಂದು ಫೋನನ್ನು ಮಾವನ ಎಡಗೈಗೆ ಕೊಟ್ಟಳು.

"ಐಸ್ ಕಟ್ತಿಲ್ಲ ಅಂದ್ಯಲ್ಲಪ್ಪ, ಕಟ್ತಿತ್ತು. ಕಟ್ಟಬಾರದ ಕಡೆ, ಕೊಳವೆಯಲ್ಲಿ ಕಟ್ಕೊಂಡಿತ್ತು. ವಾಲ್ವ್ ಅರ್ಧ ಸುತ್ತು ಮಾತ್ರ ತೆರೆದಿತ್ತು. ತಪ್ಪು ನಂದೇ."

ಆ ಕಡೆಯಿಂದ ಮೆಕ್ಯಾನಿಕ್ ಕೇಳಿದ: "ಯಾರು ಸಾರ್ ಮಾತಾಡ್ತಿರೋದು?"

ವಾಷರಣ್ಣ ಸೊಸೆಯ ಮುಖ ನೋಡಿದ.

"ಪ್ಲಂಬರ್ ಅನ್ನಿ ಮಾವ" ಎಂದಳು ಅವಳು.