ವಡೆಯ ಬಾಣಲೆಯಿಂದ ಟೆಂಪೋದ ಟ್ಯಾಂಕಿಗೆ

ಮಾರ್ಗಶಿರದ ಮುಂಜಾವು. ಚೆನ್ನೈಗೆ ಅಪರೂಪವಾದ ತೆಳುಮಂಜು ಇಂದು ವೇಲಚೇರಿಯ ಮೇಲೆ ಇಳಿದಿದೆ. ಎದುರುಮನೆಯ ಹೆಂಗಸು ಸ್ವೆಟರ್ ತೊಟ್ಟು ಬಾಗಿಲಿಗೆ ಕೋಲಂ ರಂಗೋಲಿ ಹಾಕುತ್ತಿದ್ದಾಳೆ. ಉಡುಪಿ ಹೋಟೆಲೊಂದರ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಅಡುಗೆಯ ರಘುರಾಮ ಭಟ್ಟರು ಒಂದು ಪೀಪಾಯಿಗೆ ಕೈಮುಗಿಯುತ್ತಿದ್ದಾರೆ. ಅದರೊಳಗಿರುವುದು ವಡೆ, ಬೋಂಡಾ ಕರಿದು ಮಿಕ್ಕ ಎಣ್ಣೆ. ಈಗ ಅದು ಜೇನುಬಣ್ಣದ ಇಂಧನವಾಗಿದೆ.

ಕೋಯಂಬೇಡು ಮಾರುಕಟ್ಟೆಯಿಂದ ಹೋಟೆಲಿಗೆ ಟೆಂಪೋದಲ್ಲಿ ತರಕಾರಿ ತರುವ ಕೊಳ್ಳೇಗಾಲದ ಕಡೆಯ ನಂಜುಂಡ, ತುಂಬಿದ ಕ್ಯಾನನ್ನು ಮೂಸಿ ನೋಡುತ್ತಾನೆ.

"ಭಟ್ರೇ, ಆವತ್ತೊಂದಿನ ಸಿಗ್ನಲ್‌ನಾಗೆ ಹಿಂದ್ಗಡೆ ಆಟೋದವ್ನು ನನ್ನ ಹೊಗೆ ಕುಡ್ದು, ‘ಅಣ್ಣೇ, ವಡೈ ಎಂಗೆ?’ ಅಂತ, ವಡೆ ಎಲ್ಲೈತೆ ಅಂತ ಕೇಳ್ದ!"

"ಎರಡು ಕಟ್ಟಿ ಕೊಡ್ಬೇಕಿತ್ತು ಮಾರಾಯ."

"ತಮಾಷೆ ಇರ್ಲಿ. ಇವತ್ತು ದಾರೀಲಿ ನಿಂತ್ರೆ ತಳ್ಳಕ್ಕೆ ನೀವೇ ಬರ್ಬೇಕು, ಸೊಲ್ಲಿಟ್ಟೇನ್, ಹೇಳ್ಬಿಟ್ಟಿವ್ನಿ."

ಟೆಂಪೋ ಹೊರಡುತ್ತದೆ. ಭಟ್ಟರ ನಗು ಅದು ತಿರುವು ದಾಟುವತನಕ ಮಾತ್ರ ಇರುತ್ತದೆ.

ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದವರು ಇವರು. ಅಂದಿನಿಂದ ಬಾಣಲೆಯ ಮುಂದೆಯೇ ಬದುಕು. ಬೆನ್ನು ಬಾಗಿದೆ, ಮುಂಗೈಯಲ್ಲಿ ಎಣ್ಣೆ ಸಿಡಿದ ಕಲೆಗಳು. ದಿನಕ್ಕೆ ಎಂಟೋ ಹತ್ತೋ ಲೀಟರ್ ಎಣ್ಣೆ ಮಿಗುತ್ತದೆ. ಮೊದಲೆಲ್ಲ ಅದನ್ನು ಒಬ್ಬ ವ್ಯಾಪಾರಿ ಒಯ್ದು ಬೀದಿಬದಿಯ ಬಂಡಿಗಳಿಗೆ ಮಾರುತ್ತಿದ್ದ.

"ಆ ಕಪ್ಪು ಎಣ್ಣೆಯಲ್ಲಿ ಮತ್ತೆ ಕರಿದದ್ದನ್ನು ಶಾಲೆ ಮಕ್ಕಳು ತಿನ್ನುದು ನೋಡಿದೆ. ಎಣ್ಣೆ ನನ್ನ ಬಾಣಲೆಯದ್ದೇ ಅಲ್ವಾ? ಜಪಕ್ಕೆ ಕೂತರೂ ಅದೇ ಕಣ್ಣ ಮುಂದೆ ಬರ್ತದೆ," ಎನ್ನುತ್ತಾರೆ ಭಟ್ಟರು.

ದಾರಿ ತೋರಿಸಿದವರು ದಿನಾ ತಿಂಡಿಗೆ ಬರುವ ಮೈಸೂರಿನ ಇಂಜಿನಿಯರ್ ರವಿಕಿರಣ್. ಭಾನುವಾರಗಳಂದು ಬಂದು, ಎಣ್ಣೆಯನ್ನು ಸೋಸಿ, ಕಾಯಿಸಿ ನೀರಿನಂಶ ಕಳೆದು, ಕಾಸ್ಟಿಕ್ ಸೋಡಾ ಕರಗಿಸಿದ ಸ್ಪಿರಿಟ್ಟು ಬೆರೆಸಿ ತಿಳಿಯಾಗಲು ಬಿಡುವುದನ್ನು ಕಲಿಸಿದರು. ಮೇಲೆ ನಿಲ್ಲುವುದು ಡೀಸೆಲ್ಲಿನ ಬದಲಿಗೆ ಉರಿಯುವ ಇಂಧನ, ಅಡಿಗೆ ಇಳಿಯುವುದು ಗ್ಲಿಸರಿನ್.

"ಅರಬ್ ದೇಶದಿಂದ ಹಡಗು ಬರ್ಲಿ ಅಂತ ಹಾರ್ಬರ್ ಕಡೆ ಮುಖ ಮಾಡಿ ಕೂರ್ತೇವೆ. ನಮ್ಮ ಹಿತ್ತಲಿನದ್ದು ನಮಗೆ ಕಾಣುದಿಲ್ಲ. ಇಡೀ ದೇಶಕ್ಕೆ ಸಾಕು ಅಂತ ನಾನು ಹೇಳುದಿಲ್ಲ. ಒಂದು ಟೆಂಪೋಗಾದ್ರೂ ಸಾಕಲ್ವಾ?" ಎಂದು ಕೇಳುತ್ತಾರೆ ಭಟ್ಟರು.

ಅಗ್ನಿಗೆ ಹವಿಸ್ಸು ಎಲ್ಲಿಂದ ಬಂದರೇನು. ಮರುಭೂಮಿಯ ಬಾವಿಯದ್ದಾಗಲಿ, ಬೋಂಡದ ಬಾಣಲೆಯದ್ದಾಗಲಿ, ಅವನು ಭೇದವೆಣಿಸದೆ ಸ್ವೀಕರಿಸುತ್ತಾನೆ.

ಎಡವಟ್ಟಾದದ್ದು ಹೋದ ತಿಂಗಳು. ಶೆಡ್ಡಿನಲ್ಲಿ ಸೋಡಾ ಬೆರೆಸಿ ಬಿಸಿಗಿಟ್ಟಿದ್ದ ಎಣ್ಣೆ ನೊರೆಯುಕ್ಕಿತು. ಕರಿಯುವಾಗ ನೊರೆ ಬಂದರೆ ಅಡುಗೆಯವರು ಒಂದು ಚೂರು ಹುಣಸೆಹಣ್ಣು ಹಾಕುತ್ತಾರೆ. ಭಟ್ಟರ ಕೈಯೂ ತಾನಾಗಿ ನೆನೆಹಾಕಿದ ಹುಣಸೆಯ ಪಾತ್ರೆಗೆ ಹೋಯಿತು. ಒಂದು ಮುಷ್ಟಿ ಒದ್ದೆ ಹುಣಸೆ ಪೀಪಾಯಿಗೆ ಬಿತ್ತು. ಹುಳಿ, ನೀರು, ಸೋಡಾ ಎಲ್ಲ ಕಲಸಿ ಅರ್ಧ ಎಣ್ಣೆ ಸಾಬೂನಾಯಿತು. ಮೇಲಿನದ್ದು ತಿಳಿಯಾಗಿದೆಯೆಂದು ನಂಬಿ ಟ್ಯಾಂಕಿಗೆ ತುಂಬಿದರು. ಫಿಲ್ಟರ್ ಕಟ್ಟಿಕೊಂಡು ಟೆಂಪೋ ನಡುದಾರಿಯಲ್ಲಿ ನಿಂತಿತು. ಅಂದು ಹೋಟೆಲಿನ ಸಾಂಬಾರಿನಲ್ಲಿ ಬೇಳೆ ಬಿಟ್ಟರೆ ಬೇರೇನೂ ಇರಲಿಲ್ಲ.

"ಆ ಸಾಬೂನಲ್ಲಿ ತಿಂಗಳಿಡೀ ಪಾತ್ರೆ ತೊಳೆದ್ರು. ಪಾತ್ರೆ ಫಳಫಳ, ನನ್ನ ಮುಖ ಮಾತ್ರ ಕಪ್ಪು," ಎಂದು ಭಟ್ಟರು ಬಾಯ್ತುಂಬ ನಗುತ್ತಾರೆ.

ಹೋಟೆಲಿನ ಧಣಿ ವಿಷ್ಣುಮೂರ್ತಿ ರಾಯರು ನಗಲಿಲ್ಲ. ಭಟ್ಟರ ಜನಿವಾರದಲ್ಲಿ ತೂಗುತ್ತಿದ್ದ ಶೆಡ್ಡಿನ ಬೀಗದ ಕೈಯನ್ನು ಅಂದೇ ಬಿಚ್ಚಿಸಿಕೊಂಡರು. ಕೊನೆಗೆ ಒಂದೇ ಒಂದು ಸಲ ಅವಕಾಶ ಕೊಟ್ಟು, ತಾವೇ ನಿಂತು ಬೀಗ ತೆರೆದರು. ಇಂದು ಟೆಂಪೋ ತರಕಾರಿಯೊಂದಿಗೆ ಸುಸೂತ್ರ ಬಂದರೆ ಬೀಗದ ಕೈ ವಾಪಸು. ನಿಂತರೆ ಎಣ್ಣೆ ಮತ್ತೆ ವ್ಯಾಪಾರಿಗೆ, ಅಲ್ಲಿಂದ ಬಂಡಿಗಳಿಗೆ.

ಮಂಜು ಕರಗುತ್ತದೆ. ಭಟ್ಟರು ವಡೆ ತಟ್ಟುತ್ತಾರೆ, ಕಿವಿ ಬೀದಿಯ ಕಡೆಗಿದೆ. ಏನಾದರೂ ಆಸೆ ಉಂಟೇ ಎಂದು ಕೇಳಿದರೆ, "ಈ ಬೀದಿಯ ಬೇರೆ ಹೋಟೆಲಿನವರೂ ಎಣ್ಣೆ ಕೊಟ್ಟರೆ ಸಾಕು ಮಾರಾಯ್ರೇ. ಮೊದಲು ಆ ನಂಜುಂಡ ಬರ್ಲಿ," ಎನ್ನುತ್ತಾರೆ.

ಹಾರ್ನ್ ಕೇಳಿಸುತ್ತದೆ. ನುಗ್ಗೆ, ಸೋರೆ, ಬದನೆ ಹೇರಿಕೊಂಡು ಟೆಂಪೋ ಹಿತ್ತಲಿಗೆ ಬಂದು ನಿಲ್ಲುತ್ತದೆ. ನಂಜುಂಡ ಇಂಜಿನ್ ಆರಿಸದೆ ಕೆಳಗಿಳಿದು, "ಕೇಳಿ ಧಣಿ, ಹಸು ಮೆಲುಕು ಹಾಕ್ದಂಗೈತೆ!" ಎನ್ನುತ್ತಾನೆ.

ರಾಯರು ಬಗ್ಗಿ ಹೊಗೆಕೊಳವೆಯ ಮುಂದೆ ಬಿಳಿ ಕರವಸ್ತ್ರ ಹಿಡಿದು ನೋಡುತ್ತಾರೆ, ಒಮ್ಮೆ ಮೂಸುತ್ತಾರೆ. ಮಸಿ ಹತ್ತದ ಕರವಸ್ತ್ರ ಮಡಚಿಕೊಂಡು ಅಡುಗೆಮನೆಗೆ ಬರುತ್ತಾರೆ. ಭಟ್ಟರ ಎರಡು ಕೈಗೂ ಉದ್ದಿನ ಹಿಟ್ಟು. ರಾಯರು ಜೇಬಿನಿಂದ ಬೀಗದ ಕೈ ತೆಗೆದು ತಾವೇ ಭಟ್ಟರ ಜನಿವಾರಕ್ಕೆ ಕಟ್ಟಿ, ಗಂಟು ಗಟ್ಟಿಯಿದೆಯೇ ಎಂದು ಒಮ್ಮೆ ಎಳೆದು ನೋಡಿ, ಗಲ್ಲಾಪೆಟ್ಟಿಗೆಯ ಮುಂದೆ ಹೋಗಿ ಕೂರುತ್ತಾರೆ.