ನಡುವಿನ ಗಾಜು

ಅವ್ವನ ಬಾಯಲ್ಲಿ ಹಕಾರ ನಿಲ್ಲುತ್ತಿರಲಿಲ್ಲ. ಹಾಲು ಆಲಾಗುತ್ತಿತ್ತು, ಹಳ್ಳಿ ಅಳ್ಳಿಯಾಗುತ್ತಿತ್ತು. ಮೈಸೂರಿನ ಕಾಲೇಜಿನಿಂದ ರಜೆಗೆ ಬಂದಾಗಲೆಲ್ಲ ಅದನ್ನು ಕೇಳಿ ಒಳಗೇ ನಗುತ್ತಿದ್ದೆ. ಒಂದು ಮಾತಿನಲ್ಲಿ ಮಾತ್ರ ಆ ಹಕಾರ ಬಿದ್ದುಹೋಗುವುದು ನನಗೆ ಭಯ ಹುಟ್ಟಿಸಿತು. ‘ಹೊಂದಿಕೊಳ್ಳುವುದು’ ಎನ್ನಲು ಅವಳು ‘ಒಂದ್ಕಳಾದು’ ಎನ್ನುತ್ತಿದ್ದಳು. ಹೊಂದುವುದೂ ಒಂದಾಗುವುದೂ ಅವಳ ಕಿವಿಗೆ ಬೇರೆ ಬೇರೆಯಲ್ಲ.

ನಾನು ಬಿ.ಎಸ್ಸಿ. ಮುಗಿಸಿ ಆತಗೂರಿನ ಬಳಿಯ ನಮ್ಮ ಹಳ್ಳಿಗೆ ಮರಳಿದಾಗ ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಮಳವಳ್ಳಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವ ಕೆಲಸ ಕೊಡುತ್ತೇವೆಂದಿದ್ದರು. ಅಪ್ಪ ‘ನೋಡಾಣ’ ಎಂದವನು ಮತ್ತೆ ಆ ಮಾತೆತ್ತಲಿಲ್ಲ. ಅವ್ವ ನನ್ನನ್ನು ಮಂಡ್ಯದಲ್ಲಿದ್ದ ಅಕ್ಕನ ಮನೆಗೆ ಕಳಿಸಲು ಅವಸರ ಮಾಡಿದಳು. ಅಕ್ಕನ ಮದುವೆಯಾಗಿ ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಭಾವ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲು ಪರೀಕ್ಷಿಸುವ ಕೆಲಸದಲ್ಲಿದ್ದರು.

ಹೊರಡುವ ಹಿಂದಿನ ದಿನ ಜಗಲಿಯ ಮೇಲೆ ರಾಗಿ ಕೇರುತ್ತ, ನನ್ನ ಮುಖ ನೋಡದೆ ಅವ್ವ ಹೇಳಿದಳು: “ನಿಮ್ ಬಾವ ಇನ್ನೊಂದ್ ಮಾಡ್ಕತೀನಿ ಅಂತವ್ರೆ ಕಣಮ್ಮಿ. ವರಗಿನೋಳ್ ಬಂದ್ರೆ ನಿಮ್ಮಕ್ಕುನ್ನ ಮೂಲೆಗ್ ನೂಕ್ತಾಳೆ. ವಡುಟ್ದೋಳು ನೀನಾದ್ರೆ ಇಬ್ರೂ ಒಂದ್ಕಂಡೋಯ್ತೀರ.”

“ಅಕ್ಕ ಏನಂದ್ಳು?”

“ಅವ್ಳೇನಂದಾಳು? ಊ ಅಂದವ್ಳೆ. ನೀನೀಗ್ಲೇ ಏನೂ ಯೋಳ್ಬ್ಯಾಡ. ಓಗಿ ಒಸಿ ದಿನ ಇರು. ಮನೆ ಅಬ್ಯಾಸ ಆಗ್ಲಿ.”

ಮಕ್ಕಳಾಗದ ಅಕ್ಕನ ಮನೆಗೆ ತಂಗಿ ಎರಡನೆಯವಳಾಗಿ ಹೋಗುವುದು ನಮ್ಮ ಕಡೆ ಹೊಸತಲ್ಲ. ಅದನ್ನು ಯಾರೂ ಕಷ್ಟವೆನ್ನುತ್ತಿರಲಿಲ್ಲ, ಅನುಕೂಲವೆನ್ನುತ್ತಿದ್ದರು. ಅಪ್ಪನೂ ಒಪ್ಪಿಯಾಗಿತ್ತು. ಬೇಡವೆಂದು ಹೇಳಬೇಕಾದರೆ ಅಕ್ಕನ ಮನಸ್ಸು ತಿಳಿದು ಹೇಳಬೇಕು ಎಂದುಕೊಂಡು, ಅವ್ವನ ಜೊತೆ ಮದ್ದೂರಿನಲ್ಲಿ ರೈಲು ಹತ್ತಿದೆ.

ಅಕ್ಕನ ಮನೆಯ ಹಜಾರದಲ್ಲಿ, ಕಿಟಕಿಯ ಪಕ್ಕ, ಕಬ್ಬಿಣದ ಚೌಕಟ್ಟಿನ ಗಾಜಿನ ತೊಟ್ಟಿಯೊಂದಿತ್ತು. ಯುದ್ಧ ಶುರುವಾದಾಗ ಊರು ಬಿಟ್ಟುಹೋದ ಬಿಳಿಯ ದೊರೆಯೊಬ್ಬ ಭಾವನಿಗೆ ಕೊಟ್ಟದ್ದಂತೆ. ಒಳಗೆ ಒಂದೇ ಒಂದು ಮೀನು. ಅಂಗೈಯಗಲ, ಬೂದುಹಸಿರು ಮೈ, ಅಡ್ಡಪಟ್ಟೆಗಳು, ಅವುಗಳ ಮೇಲೆ ಮುತ್ತಿನ ಪುಡಿ ಎರಚಿದಂಥ ಚುಕ್ಕೆಗಳು. ಮಲಬಾರಿಗೆ ಹೋಗಿಬರುವ ಗೆಳೆಯನ ಕೈಯಲ್ಲಿ ತಗಡಿನ ಡಬ್ಬದಲ್ಲಿ ತರಿಸಿದ್ದರು. ಭಾವ ಅದನ್ನು ‘ಏಂಜೆಲ್’ ಎನ್ನುತ್ತಿದ್ದರು. ಸಮುದ್ರದ ಏಂಜೆಲ್ ಮೀನು ಅದಲ್ಲ. ನದಿ ಕಡಲು ಸೇರುವೆಡೆಯ ಉಪ್ಪುನೀರಿನದು. ನಾನು ತಿದ್ದಲಿಲ್ಲ. ಸ್ವಭಾವದಲ್ಲಿ ಎರಡೂ ಒಂದೇ: ತಾನಿರುವ ಕಡೆ ತನ್ನಂಥದೇ ಇನ್ನೊಂದು ಕಾಲಿಡುವುದನ್ನು ಸಹಿಸವು. ಮೀನಿಗೆ ಕಾಲೆಲ್ಲಿ ಎಂದು ಕಾಲೇಜಿನಲ್ಲಾದರೆ ನಗುತ್ತಿದ್ದರು.

ಅಕ್ಕ ಕಲ್ಲುಪ್ಪು ಕರಗಿಸಿ ತೊಟ್ಟಿಗೆ ಸುರಿಯುವುದನ್ನು ಕಂಡು ಅವ್ವ ಅಂದಳು: “ಉಪ್ಪ್ ಆಕಾಯ್ತಲ್ಲ, ಒಸಿ ಕಾರನೂ ಆಕ್ಬುಡಿ. ಸಾರಾಯ್ತದೆ.”

“ಇದು ಏಂಜೆಲ್, ಅತ್ತೆ. ದೇವಲೋಕದ್ದು,” ಎಂದರು ಭಾವ.

“ದ್ಯಾವ್ಲೋಕದ್ದಾದ್ರೂ ಮುಳ್ಳಿರ್ತದಲ್ಲ ಅಳೀಮಯ್ಯ.”

ಎಲ್ಲರೂ ನಕ್ಕರು, ಅಕ್ಕನೂ. ಮರುದಿನ ಅವ್ವ ಊರಿಗೆ ಹೊರಟಳು. ನನ್ನ ಟ್ರಂಕು ಅಲ್ಲೇ ಉಳಿಯಿತು.

ಭಾವ ನನ್ನನ್ನು ಮೊದಲಿನಿಂದ ‘ಮಗ’ ಎಂದು ಕರೆಯುತ್ತಿದ್ದರು. ಚಿಕ್ಕವರನ್ನು ಹೆಣ್ಣಾದರೂ ನಮ್ಮಲ್ಲಿ ಹಾಗೆಯೇ ಕರೆಯುವುದು. ಈ ಸಲ ಆ ಮಾತು ಅವರ ಬಾಯಿಂದ ಬರಲಿಲ್ಲ. ಅದರ ಬದಲು ಬೇರೇನೂ ಬರಲಿಲ್ಲ. ‘ನೀರು ತಾ’ ಎಂದರೆ ಅಕ್ಕನಿಗೆ, ‘ಇಲ್ಲಿ ನೋಡು’ ಎಂದರೆ ನನಗೆ ಎಂದು ತಿಳಿದುಕೊಳ್ಳಬೇಕಾಗಿತ್ತು.

ಕೆಲವು ದಿನಗಳಲ್ಲಿ ಅದೇ ಜಾತಿಯ ಎರಡನೆಯ ಮೀನು ಬಂತು. ಮೊದಲಿನದಕ್ಕಿಂತ ಚಿಕ್ಕದು, ಚುಕ್ಕೆಗಳು ಇನ್ನೂ ಹೊಳಪು. ಭಾವ ತೊಟ್ಟಿಯ ನಡುವೆ ಒಂದು ಗಾಜಿನ ಹಲಗೆ ಇಳಿಬಿಟ್ಟು, ಆಚೆ ಬದಿಗೆ ಹೊಸದನ್ನು ಬಿಟ್ಟರು. ಅವರೂ ಅವ್ವನಂಥ ಮಾತಿನ ಊರಲ್ಲೇ ಹುಟ್ಟಿದವರು. ಕಾರ್ಖಾನೆ ಸೇರಿದ ಮೇಲೆ ಹಕಾರವನ್ನು ಒತ್ತಿ ನುಡಿಯುವುದು ರೂಢಿಸಿಕೊಂಡಿದ್ದರು.

“ಇಲ್ಲಿ ನೋಡು. ಸೀದಾ ಬಿಟ್ರೆ ಹಳೇದು ಹೊಸದನ್ನ ಕೊಂದ್ಬಿಡ್ತದೆ. ಮೊದ್ಲು ಗಾಜಿನ ಆಚೆಯಿಂದ ನೋಡಿ ನೋಡಿ ಅಭ್ಯಾಸ ಆಗ್ಬೇಕು. ಆಮೇಲೆ ಒಳಗಿನ ಕಲ್ಲೆಲ್ಲ ಜಾಗ ಬದಲಾಯಿಸ್ಬೇಕು. ತನ್ನ ಮೂಲೆ ಯಾವ್ದು ಅಂತ ಹಳೇದಕ್ಕೆ ಮರ್ತುಹೋಗ್ಬೇಕು. ಆಗ ಗಾಜು ತೆಗೆದ್ರೆ ಹೊಂದ್ಕೋತವೆ.”

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಅವರಿಗೆಂದು ತಂದ ನೀರಿನ ಚೊಂಬು.

“ಹೊಂದ್ಕೊಳ್ದಿದ್ರೆ?” ಎಂದೆ.

“ಹೊಂದ್ಕೋತವೆ,” ಎಂದರು, ಚೊಂಬಿಗೆ ಕೈಚಾಚಿ.

ಆ ವಾರವೇ ಮನೆಯ ಸಾಮಾನೂ ಜಾಗ ಬದಲಾಯಿಸಿತು. ನಡುಕೋಣೆಯ ಬೀರುವನ್ನು ಭಾವ ಹಜಾರಕ್ಕೆ ಸರಿಸಿದರು. ಅಕ್ಕನ ಹಾಸಿಗೆ, ಅವಳ ಸೀರೆಯ ಪೆಟ್ಟಿಗೆ, ಮದುವೆಯಲ್ಲಿ ತವರಿನಿಂದ ಕೊಟ್ಟ ಕನ್ನಡಿ ಅಡಿಗೆಮನೆಯ ಪಕ್ಕದ ಉಗ್ರಾಣಕ್ಕೆ ಹೋದವು. ನಡುಕೋಣೆಯ ಕಿಟಕಿಯ ಕೆಳಗೆ ನನ್ನ ಟ್ರಂಕು ಬಂತು. ಓದಲು ಬೆಳಕು ಬೇಕಲ್ಲ ಎಂದರು. ಒಂದು ಸಂಜೆ ಅಕ್ಕ ದೀಪ ಹಿಡಿದು ನಡುಕೋಣೆಯವರೆಗೆ ಬಂದು, ಹೊಸ್ತಿಲಲ್ಲಿ ನಿಂತು, ಏನೋ ಮರೆತವಳಂತೆ ಹಿಂತಿರುಗಿದಳು. ಅವಳ ಕಾಲಿಗೆ ಹಳೆಯ ಜಾಗವೇ ಗೊತ್ತಿತ್ತು.

ಹಳೆಯ ಮೀನು ಇಡೀ ಹಗಲು ಗಾಜಿಗೆ ಮೂತಿ ತಾಗಿಸಿ ನಿಂತಿರುತ್ತಿತ್ತು. ಮೈಯ ಪಟ್ಟೆಗಳು ಕಡುಕಪ್ಪಾಗಿದ್ದವು. ಹೊಡೆಯುತ್ತಿರಲಿಲ್ಲ, ಓಡಾಡುತ್ತಿರಲಿಲ್ಲ. ಹೊಸದು ಮೂಲೆಯಲ್ಲಿ ರೆಕ್ಕೆ ಮಡಿಸಿಕೊಂಡಿರುತ್ತಿತ್ತು. ಭಾವ ಅದನ್ನು ಕಂಡು, ಅಭ್ಯಾಸವಾಗುತ್ತಿದೆ ಎನ್ನುತ್ತಿದ್ದರು.

ಅಕ್ಕನನ್ನು ಕೇಳಲೆಂದೇ ಬಂದಿದ್ದ ನಾನು ಕೇಳಲಾರದೆ ಹೋದೆ. ಅವಳೂ ಆ ವಿಷಯ ಎತ್ತಲಿಲ್ಲ. ಬೆಳಿಗ್ಗೆ ನನ್ನ ತಲೆ ಬಾಚುತ್ತಿದ್ದಳು, ಚಿಕ್ಕಂದಿನಲ್ಲಿ ಬಾಚಿದ ಹಾಗೆ. ಒಂದು ದಿನ ಬಾಚಣಿಗೆ ನೆತ್ತಿಯನ್ನು ಗೀರಿತು.

“ನೋಯ್ತದೆ ಅಕ್ಕ.”

“ನೋಯ್ಲಿ ಬುಡು. ಸಿಕ್ಕ್ ಬುಡುಸ್ಬೇಕಲ್ಲ.”

ಬಾಚಣಿಗೆ ಅದೇ ಗೀರಿನ ಮೇಲೆ ಇನ್ನೊಮ್ಮೆ ಇಳಿಯಿತು.

ಮುಂದಿನ ಭಾನುವಾರ ಗಾಜು ತೆಗೆಯುವುದೆಂದು ಭಾವ ಗೊತ್ತುಮಾಡಿದರು. ಅದೇ ದಿನ ಅಪ್ಪ ಅವ್ವನೂ ಬರುವವರಿದ್ದರು, ನನ್ನ ಮದುವೆಯ ಮಾತು ಮುಗಿಸಿಕೊಂಡು ಹೋಗಲು.

ಅದಕ್ಕೂ ಮುಂಚಿನ ಒಂದು ಮಧ್ಯಾಹ್ನ ನಡುಕೋಣೆಯಲ್ಲಿ ಓದುತ್ತಿದ್ದೆ. ಭಾವ ಕೆಲಸಕ್ಕೆ ಹೋಗಿದ್ದರು. ಹಜಾರದಲ್ಲಿ ನೀರು ತೊಟ್ಟಿಕ್ಕುವ ಸದ್ದಾಯಿತು. ಹೋಗಿ ನೋಡಿದರೆ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ತೊಟ್ಟಿಯ ಮುಂದೆ ನಿಂತಿದ್ದಾಳೆ. ಮೊಣಕೈವರೆಗೆ ಒದ್ದೆ. ನಡುವಿನ ಗಾಜು ಗೋಡೆಗೆ ಒರಗಿದೆ.

ಹಳೆಯ ಮೀನು ನಿಧಾನವಾಗಿ ಆಚೆ ಬದಿಗೆ ಹೋಯಿತು. ಮೊದಲು ಸುಮ್ಮನೆ ಒಂದು ಸುತ್ತು ಬಂತು. ಆಮೇಲೆ ಹೊಸದರ ಪಕ್ಕೆಗೆ ಬಾಯಿಟ್ಟಿತು. ಹೊಸದು ಓಡಿತು, ಓಡಲು ನಾಲ್ಕು ಗಾಜುಗಳ ನಡುವಿನಷ್ಟೇ ಜಾಗ. ಮುತ್ತಿನಂಥ ಚುಕ್ಕೆಯ ಹುರುಪೆಗಳು ಹೊಟ್ಟಿನಂತೆ ಉದುರಿ ನೀರಲ್ಲಿ ತೇಲತೊಡಗಿದವು.

“ಅಕ್ಕ, ಗಾಜು ಹಾಕು.”

“ಯಾಕೆ? ನೋಡು. ನೀ ನೋಡ್ಲಿ ಅಂತ್ಲೇ ತಗ್ದಿದ್ದು.”

“ಸಾಯ್ತದೆ ಅಕ್ಕ.”

“ಊ. ಸಾಯ್ತದೆ.” ಅವಳ ಕಣ್ಣು ತೊಟ್ಟಿಯಿಂದ ಕದಲಲಿಲ್ಲ. “ನಿಮ್ ಬಾವ ಕೇಳುದ್ರು, ಊ ಅಂದೆ. ಅವ್ವ ಕೇಳುದ್ಳು, ಅವ್ಳ್ಗೂ ಊ ಅಂದೆ. ಬ್ಯಾಡ ಅಂದ್ರೆ ನಾನೆಲ್ಲಿಗ್ ಓಗ್ಲೆ? ಸೊಂಟುದ್ ಮೇಲೆ ನಿನ್ನ ವತ್ಕಂಡ್ ಸಾಕ್ದೋಳು ನಾನು. ಅದ್ಕೇ ಯೋಳ್ತಿವ್ನಿ. ನಾನು ಒಂದ್ಕಳಾಕಿಲ್ಲ ಕಣೆ. ನೀನೀ ಮನೇಗ್ ಬಂದ್ರೆ ನನ್ ತಂಗಿ ಅಂತ ನಾ ನೋಡಾಕಿಲ್ಲ.”

ಅದು ಬೆದರಿಕೆಯಲ್ಲ. ಆಣೆಯೂ ಅಲ್ಲ. ಮಳೆ ಬರುತ್ತದೆ, ಬಟ್ಟೆ ತೆಗೆ ಎನ್ನುವ ದನಿಯಲ್ಲೇ ಹೇಳಿದಳು. ಹಲಗೆಯನ್ನು ಎತ್ತಿ ನಾನೇ ಇಳಿಬಿಡಬಹುದಿತ್ತು. ಇಬ್ಬರೂ ನೋಡುತ್ತ ನಿಂತೆವು.

ಕಾರ್ಖಾನೆಯ ಕೂಗು ಕೇಳಿಸಿತು. ಭಾವ ಬರುವ ಹೊತ್ತಿಗೆ ಹೊಸ ಮೀನು ಮಗ್ಗುಲಾಗಿ ತೇಲುತ್ತಿತ್ತು. ಹಳೆಯದು ಎರಡೂ ಬದಿಗೆ ತಿರುಗಾಡುತ್ತಿತ್ತು.

“ಯಾರು ಗಾಜು ತೆಗೆದೋರು?”

ಅಕ್ಕ ಬಾಯಿ ತೆರೆದಳು. ಅವಳ ಸೆರಗಿನ ಒದ್ದೆ ಇನ್ನೂ ಆರಿರಲಿಲ್ಲ, ಅವರು ಅದನ್ನು ನೋಡುವುದರೊಳಗೆ ನಾನು ಹೇಳಿದೆ: “ನಾನು.”

“ಯಾಕೆ?”

“ಹೊಂದ್ಕೊಳ್ತವಾ ಅಂತ ನೋಡ್ದೆ.”

“ನೋಡಿದ್ಯಾ?”

“ನೋಡಿದೆ ಭಾವ. ಹೊಂದ್ಕೊಳ್ಳಲ್ಲ. ನಾಳೆ ಊರಿಗೆ ಹೋಗ್ತೀನಿ. ಮಳವಳ್ಳಿ ಸ್ಕೂಲಿಗೆ ಸೇರ್ಕೊಳ್ತೀನಿ. ಅಪ್ಪನಿಗೆ ನಾನೇ ಹೇಳ್ತೀನಿ.”

ಅಷ್ಟುದ್ದದ ಮಾತನ್ನು ನಾನು ಅವರ ಮುಂದೆ ಆಡಿದ್ದು ಅದೇ ಮೊದಲು. ಹಕಾರವನ್ನು ನಾನೂ ಒತ್ತಿಯೇ ನುಡಿದೆ. ಬೇರೆ ಅರ್ಥ ಬರಬಾರದಿತ್ತು.

ಅವರು ಅಂಗಿಯ ತೋಳು ಮಡಿಸಿ, ಸತ್ತ ಮೀನನ್ನು ಬಾಲ ಹಿಡಿದು ಎತ್ತಿ, ಕಿಟಕಿಯಿಂದ ಹಿತ್ತಲಿಗೆ ಎಸೆದರು. ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು.

“ಆಯ್ತು ಮಗ,” ಎಂದರು.

ಆ ಮಾತು ಮರಳಿ ಬಂದದ್ದಕ್ಕೆ ನನ್ನ ಎದೆ ಹಗುರವಾಯಿತು. ಒಂದು ಗಳಿಗೆ ಅಷ್ಟೆ. ಅವರು ಅಕ್ಕನ ಕಡೆ ತಿರುಗಿದರು. ದನಿಯಲ್ಲಿ ಕೋಪವಿರಲಿಲ್ಲ.

“ಇನ್ನೊಂದು ತಂದ್ರಾಯ್ತು. ಆ ಗಾಜು ಒರೆಸಿಡು.”

ಅಕ್ಕ ಹಲಗೆಯನ್ನು ಗೋಡೆಯಿಂದ ಎತ್ತಿಕೊಂಡು, ಸೆರಗಿನ ಒಣಗಿದ ಕಡೆಯಿಂದ, ಮೊದಲು ಒಂದು ಮೈ, ಆಮೇಲೆ ಇನ್ನೊಂದು ಮೈ ಒರೆಸಿದಳು.