ಎಡಗಡೆಯ ಗಿಟಾರು

ಸೀನು ಬಂತು. ಒಂದಲ್ಲ, ಸಾಲಾಗಿ ಮೂರು. ಕವರಿನಿಂದ ಹೆಡ್‌ಫೋನು ತೆಗೆದು, ಯಾಕೋ ಏನೋ, ಮೂಸಿ ನೋಡಿದ್ದೆ. ಕಿವಿಗೆ ಒತ್ತುವ ಸ್ಪಂಜಿನಲ್ಲಿ ಬ್ಯಾಡಗಿಯ ಮೆಣಸಿನಕಾಯಿಯ ಘಾಟು ಇನ್ನೂ ಹಾಗೇ ಕೂತಿತ್ತು. ಅದರ ಹಿಂದೆ ಸುಟ್ಟ ರಾಳದ ವಾಸನೆ, ವೈರು ಬೆಸೆಯುವಾಗ ಹೊಗೆಯ ಜೊತೆ ಏಳುತ್ತದಲ್ಲ, ಅದು. ಅದನ್ನು ಹಾಕಿಕೊಳ್ಳುತ್ತಿದ್ದವರು ತೀರಿಹೋಗಿ ಎರಡು ವರ್ಷವಾಯಿತು. ವಾಸನೆ ಮಾತ್ರ ಹೋಗಿಲ್ಲ...

ಸಿಟ್ಟಿನಲ್ಲಿದ್ದಾಗ ಏನನ್ನೂ ಬರೆಯಬಾರದು ಎಂದು ನನ್ನ ಗಂಡ ಹೇಳುತ್ತಾನೆ. ನಾನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಇಳಿಯಲಿ ಎಂದು ಕಾದರೆ ನಾನೂ ಎಲ್ಲರ ಹಾಗೆ 'ಹೋಗಲಿ ಬಿಡು, ಆಗಿನ ಕಾಲವೇ ಹಾಗಿತ್ತು' ಎಂದು ಹೇಳಿ ಚಹಾ ಕುಡಿಯಲು ಕೂತುಬಿಡುತ್ತೇನೆ. ನನ್ನ ಬಗ್ಗೆ ನನಗೆ ಅಷ್ಟು ಗೊತ್ತಿದೆ.

ಮದುವೆಗೆ ಮುಂಚೆ ನಾನು ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಬೆಳಿಗ್ಗೆ ರಾಣೆಬೆನ್ನೂರಿನಿಂದ ರೈಲು, ಸಂಜೆ ಮತ್ತೆ ರೈಲು. ನನ್ನ ಅಪ್ಪ ಗಣಿತದ ಮಾಸ್ತರು. ಗುತ್ತಲದ ಆಚೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಕಲಿಸಿ ನಿವೃತ್ತರಾಗಿದ್ದರು. ಮನೆಯಲ್ಲಿ ಅವರಿಗೆ ಸದ್ದು ಆಗಿಬರುತ್ತಿರಲಿಲ್ಲ. ಮಿಕ್ಸರು ಹಾಕಬೇಕಾದರೂ ಅವ್ವ ಅವರ ಮುಖ ನೋಡುತ್ತಿದ್ದಳು. ನನಗೋ ಧಾರವಾಡದ ಹಾಸ್ಟೆಲಿನಲ್ಲಿ ಹೆವಿ ಮೆಟಲ್ ಹುಚ್ಚು ಹತ್ತಿತ್ತು. ಇಬ್ಬರು ಗಿಟಾರು ಗರಗರ ಕೊಯ್ಯುವುದು, ಒಬ್ಬ ಎರಡೂ ಕಾಲಿನಿಂದ ಡ್ರಮ್ಮು ಒದೆಯುವುದು, ಇನ್ನೊಬ್ಬ ಗಂಟಲು ಹರಿಯುವಂತೆ ಕೂಗುವುದು. ಅದನ್ನು ನಮ್ಮ ಮನೆಯಲ್ಲಿ ಗಟ್ಟಿಯಾಗಿ ಹಚ್ಚುವುದಂತೂ ಕನಸಿನ ಮಾತು. ಹಾಗಾಗಿ ಹೆಡ್‌ಫೋನು, ಮತ್ತು ಆ ರೈಲು.

ಡಬ್ಬಿಯ ಮೇಲೆ 'ಎಕ್ಸ್‌ಟ್ರಾ ಬಾಸ್' ಎಂದು ದಪ್ಪಕ್ಷರದಲ್ಲಿ ಬರೆದ ಒಂದನ್ನು ತಂದಿದ್ದೆ. ಎರಡೇ ತಿಂಗಳಿಗೆ ಅದರ ಒಂದು ಕಿವಿ ಸುಮ್ಮನಾಯಿತು. ಆಫೀಸಿನವರು ಯಾರೋ ಸ್ಟೇಷನ್ ದಾರಿಯ ರೇಡಿಯೋ ರಿಪೇರಿ ಅಂಗಡಿ ತೋರಿಸಿದರು. ಒಂದು ಮೇಜು, ಒಂದು ಸ್ಟೂಲು, ಗೋಡೆ ತುಂಬ ಬಿಚ್ಚಿಟ್ಟ ಸ್ಪೀಕರುಗಳು. ಮೇಜಿನ ಹಿಂದೆ ಕನ್ನಡಕ ಹಣೆಗೇರಿಸಿಕೊಂಡ, ನಲವತ್ತು ದಾಟಿದ ಒಬ್ಬರು. ಊರೆಲ್ಲ ಅವರನ್ನು ಕಾಕಾ ಎನ್ನುತ್ತಿತ್ತು. ನಾನೂ ಹಾಗೇ ಕರೆದೆ.

ಕಾಕಾ ನನ್ನ ಹೆಡ್‌ಫೋನಿನ ಒಂದು ಬದಿಯನ್ನು ಬಲಗಿವಿಗೆ ಹಿಡಿದು ಕೇಳಿದರು. ಆಮೇಲೆ ತಿರುಗಿಸಿ, ಇನ್ನೊಂದು ಬದಿಯನ್ನೂ ಅದೇ ಬಲಗಿವಿಗೆ ಹಿಡಿದರು. ರಿಪೇರಿಯವರು ಹೀಗೇ ನೋಡುತ್ತಾರೇನೋ ಎಂದುಕೊಂಡೆ. ನನ್ನ ಫೋನಿನಲ್ಲಿದ್ದ ಹಾಡನ್ನು ಪೂರ್ತಿ ಕೇಳಿ, ಕನ್ನಡಕ ಇಳಿಸಿ ನನ್ನನ್ನು ನೋಡಿದರು.

"ಯಾರ ಮ್ಯಾಗವಾ ಇವರಿಗೆ ಇಷ್ಟ ಸಿಟ್ಟು?"

"ಗೊತ್ತಿಲ್ರಿ ಕಾಕಾ. ಎಲ್ಲಾರ ಮ್ಯಾಗ ಇರಬೇಕು."

"ಇರ್ಲಿ ಇರ್ಲಿ. ಯಾರರ ಸಿಟ್ಟಾಗಾಕ ಬೇಕಲ್ಲ," ಎಂದರು. ನಾವಿಬ್ಬರೂ ನಕ್ಕೆವು. ಆ ಮಾತು ಈಗ ನೆನಪಾದರೆ ನಗು ಬರುವುದಿಲ್ಲ.

ಅದನ್ನು ರಿಪೇರಿ ಮಾಡಲು ಅವರು ಒಪ್ಪಲಿಲ್ಲ. "ಬಾಸ್ ಬಾಸ್ ಅಂತ ಬರದದ್ದನ್ನ ಈ ಹಾಡಿಗೆ ತಗೋಬ್ಯಾಡ. ಗುಂಯ್ ಅನ್ನೂದರಾಗ ಗಿಟಾರು ಮುಳುಗಿಹೋಗ್ತದ," ಎಂದರು. ಹೆವಿ ಮೆಟಲ್ ಎಂಬ ಹೆಸರನ್ನೇ ಆವತ್ತು ಮೊದಲ ಸಲ ಕೇಳಿದ ಮನುಷ್ಯ, ಒಂದು ಹಾಡಿನಲ್ಲಿ ಅದರ ಜಾತಕ ಹೇಳಿಬಿಟ್ಟಿದ್ದರು. ಹುಬ್ಬಳ್ಳಿಯಿಂದ ನಾಲ್ಕು ನಮೂನೆ ತರಿಸುತ್ತೇನೆ, ಊಟದ ಬಿಡುವಿನಲ್ಲಿ ಬಂದು ಒಂದೊಂದನ್ನೇ ಹಾಕಿ ನೋಡು ಎಂದರು. ಯಾರ ಹೆಸರಿಗೆ ಬರೆದುಕೊಳ್ಳಲಿ, ಯಾರ ಮಗಳು ಎಂದು ಕೇಳಿದರು. ಅಪ್ಪನ ಹೆಸರು ಹೇಳಿದೆ, ಹೈಸ್ಕೂಲಿನ ಊರೂ ಹೇಳಿದೆ.

ಅವರ ಕೈಯಲ್ಲಿ ಬೆಸುಗೆ ಕಡ್ಡಿಯಿತ್ತು. ಅದು ಹಾಗೇ ನಿಂತಿತು. ಅದರ ತುದಿಯಿಂದ ಹೊಗೆ ಏಳುತ್ತಲೇ ಇತ್ತು...

"ಸರ್ ಹ್ಯಾಂಗದಾರ?"

"ಆರಾಮ ಅದಾರ್ರಿ. ನಿಮಗ ಗೊತ್ತೇನು?"

"ನನಗೂ ಲೆಕ್ಕ ಕಲಿಸ್ಯಾರ," ಎಂದಷ್ಟೇ ಹೇಳಿ ಮತ್ತೆ ತಲೆ ಬಗ್ಗಿಸಿದರು.

ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಅವತ್ತು ಸಂಜೆ ಚಪ್ಪಲಿ ಬಿಡುವ ಮೊದಲೇ ಅಪ್ಪನಿಗೆ ಹೇಳಿದೆ, ನಿಮ್ಮ ಶಿಷ್ಯರೊಬ್ಬರು ಬ್ಯಾಡಗಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಾರೆ ಎಂದು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಲೆಕ್ಕ ತಲಿಗೆ ಹತ್ತದವರು ಕಡೀಕ ಅದನ್ನ ಮಾಡ್ತಾರ," ಎಂದರು. ನಾನು ಅದಕ್ಕೂ ನಕ್ಕಿದ್ದೆ. ನಕ್ಕಿದ್ದೆ, ಏನು ಮಾಡಲಿ.

ಒಂದು ವಾರ ಊಟದ ಡಬ್ಬಿ ಹಿಡಿದುಕೊಂಡು ಆ ಸ್ಟೂಲಿನ ಮೇಲೆ ಕೂತೆ. ಒಂದು ಹೆಡ್‌ಫೋನು ತಲೆಯನ್ನು ಇಕ್ಕಳದಂತೆ ಒತ್ತುತ್ತಿತ್ತು. ಒಂದರಲ್ಲಿ ಡ್ರಮ್ಮಿನ ಜೊತೆಯ ತಾಳದ ಸದ್ದು ಕಿವಿಗೆ ಚುಚ್ಚುತ್ತಿತ್ತು. ಒಂದರಲ್ಲಿ ಹಾಡು ಹೊರಗೆಲ್ಲ ಕೇಳುತ್ತಿತ್ತು, ರೈಲಿನಲ್ಲಿ ಹಾಕಿಕೊಳ್ಳುವಂತಿರಲಿಲ್ಲ. ಕಾಕಾನ ಪರೀಕ್ಷೆ ಒಂದೇ. ಹಾಡಿನಲ್ಲಿ ಎಲ್ಲಕ್ಕಿಂತ ವೇಗದ ಜಾಗ ಹಚ್ಚಬೇಕು, ದನಿ ಸಣ್ಣದಾಗಿ ಇಡಬೇಕು. ಡ್ರಮ್ಮಿನ ಪೆಟ್ಟು ಒಂದೊಂದಾಗಿ ಎಣಿಸಲು ಬಂದರೆ ಇಟ್ಟುಕೋ, ಬರದಿದ್ದರೆ ಇಳಿಸು. ದನಿ ಏರಿಸಿದರೆ ಗದರುತ್ತಿದ್ದರು. "ಕಿವಿ ಹ್ವಾದ್ರ ಹುಬ್ಬಳ್ಳಿಯಿಂದ ತರಸಾಕ ಬರಂಗಿಲ್ಲವಾ."

ಪೆಟ್ಟು ಎಣಿಸುವಾಗ ಅವರ ಬೆರಳುಗಳು ಮೇಜಿನ ಮೇಲೆ ಆಡುತ್ತಿದ್ದವು. ಎರಡೂ ಕೈಯ ಬೆರಳು, ಆ ಡ್ರಮ್ಮಿನವನ ಕಾಲಿನಷ್ಟೇ ವೇಗ, ಒಂದು ಪೆಟ್ಟೂ ತಪ್ಪದೆ. ನಾನು ಬೆರಗಾಗಿ ನೋಡಿದೆ. ನೋಡುತ್ತಿರುವುದು ತಿಳಿದ ಕೂಡಲೇ ಕೈ ಎಳೆದು ಮೇಜಿನ ಕೆಳಗೆ ಇಟ್ಟುಕೊಂಡರು, ಕದ್ದು ಸಿಕ್ಕಿಬಿದ್ದ ಮಗುವಿನ ಹಾಗೆ. ನಾಚಿಕೆಯ ಮನುಷ್ಯ ಎಂದುಕೊಂಡೆ.

ನಾಲ್ಕನೆಯದು ಗೆದ್ದಿತು. ಪೂರ್ತಿ ಕಿವಿ ಮುಚ್ಚುವ, ನೋಡಲು ಏನೂ ಚೆಂದವಿಲ್ಲದ ಕರಿಯ ಹೆಡ್‌ಫೋನು. ಅದರಲ್ಲಿ ಎಲ್ಲವೂ ತನ್ನ ತನ್ನ ಜಾಗದಲ್ಲಿ ನಿಂತಿತ್ತು. ಖುಷಿ ತಡೆಯಲಾರದೆ ಅದನ್ನು ಕಾಕಾನ ತಲೆಗೇರಿಸಿದೆ. "ಒಂದು ಗಿಟಾರು ಎಡಕ್ಕ, ಒಂದು ಬಲಕ್ಕ. ಎರಡೂ ಬ್ಯಾರೆ ಬ್ಯಾರೆ ಬಾರಸಾಕತ್ತಾವ, ಕೇಳ್ರಿ ಕಾಕಾ."

ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. "ಒಂದ ಐತಲ್ಲವಾ?"

"ಇಷ್ಟ ವರ್ಷ ಸ್ಪೀಕರ್ ರಿಪೇರಿ ಮಾಡೀರಿ, ಅಷ್ಟೂ ಗೊತ್ತಾಗಂಗಿಲ್ಲೇನ್ರಿ?" ಎಂದು ನಗಾಡಿದೆ. ಅವರೂ ನಕ್ಕರು. ಆಮೇಲೆ ಹೆಡ್‌ಫೋನನ್ನು ಹಿಂದುಮುಂದಾಗಿ ತಿರುಗಿಸಿ ಹಾಕಿಕೊಂಡು ಅದೇ ಹಾಡನ್ನು ಮೊದಲಿನಿಂದ ಹಚ್ಚಲು ಹೇಳಿದರು. ಅರ್ಧಕ್ಕೆ ಬಂದಾಗ ಮುಖ ಅರಳಿತು. "ಹೌದಲ್ಲ! ಎಡಗಡೇದು ಬ್ಯಾರೇನ ಐತಿ!" ಮತ್ತೆ ತಿರುಗಿಸಿದರು. ಮತ್ತೆ ಕೇಳಿದರು. ಎರಡು ಗಿಟಾರು ಒಟ್ಟಿಗೆ ಮಾಡುವ ಜಗಳವನ್ನು ಆ ಮನುಷ್ಯ ಸರದಿಯಲ್ಲಿ ಒಂದೊಂದಾಗಿ ಕೇಳುತ್ತಿದ್ದರು. ನಾನು ಎದುರಿಗೇ ಕೂತು ಚಪಾತಿ ತಿನ್ನುತ್ತಿದ್ದೆ, ಏನೂ ತಿಳಿಯಲಿಲ್ಲ. ಅದೇ ನಮೂನೆಯ ಇನ್ನೊಂದನ್ನು ತಮಗೂ ತರಿಸಿಕೊಂಡರು, ಅಂಗಡಿಯಲ್ಲಿ ಪರೀಕ್ಷೆಗೆ ಬೇಕು ಎಂದು.

ವರ್ಷದ ಮೇಲೆ ನನ್ನದರ ಎಡಗಡೆಯ ಸ್ಪೀಕರು ಸುಟ್ಟಿತು. ಅದರ ಬಿಡಿಭಾಗ ಹುಬ್ಬಳ್ಳಿಯಲ್ಲೂ ಸಿಗಲಿಲ್ಲ. ಕಾಕಾ ತಮ್ಮ ಹೆಡ್‌ಫೋನು ತೆಗೆದು, ಅದರ ಎಡಗಡೆಯ ಸ್ಪೀಕರನ್ನೇ ಕಿತ್ತು ನನ್ನದಕ್ಕೆ ಬೆಸೆದರು. ಬೇಡ ಬೇಡ ಎಂದೆ. "ನನಗ ಎಡಗಡೆ ಬೇಕಾಗಂಗಿಲ್ಲವಾ. ಸುಮ್ನ ಕುಂತಿರ್ತದ ಅದು," ಎಂದರು. ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡೆ. ಎರಡೂ ಕಿವಿ ಸರಿಯಿದ್ದು ಏನು ಬಂತು, ಏನೂ ಕೇಳಿಸಿಕೊಳ್ಳದವಳಿಗೆ.

ಆಮೇಲೆ ಮದುವೆಯಾಗಿ ಹಾವೇರಿಗೆ ಬಂದೆ. ಬ್ಯಾಡಗಿಯ ಕೆಲಸ ಬಿಟ್ಟೆ. ರೈಲು ಬ್ಯಾಡಗಿ ದಾಟಿ ಹೋಗುವಾಗ ಒಮ್ಮೆ ಇಳಿದು ಮಾತಾಡಿಸಬೇಕು ಎಂದುಕೊಳ್ಳುವುದು, ಮುಂದಿನ ಸಲ ಎನ್ನುವುದು... ಹೀಗೇ ಕೆಲವು ವರ್ಷ ಹೋದವು. ಎದೆನೋವಿನಿಂದ ಕಾಕಾ ತೀರಿಕೊಂಡರು ಎಂದು ಹಳೆಯ ಆಫೀಸಿನವರು ಫೋನಿನಲ್ಲಿ ಹೇಳಿದಾಗ ಅಯ್ಯೋ ಅಂದೆ. ಅಷ್ಟೇ. ಒಲೆಯ ಮೇಲೆ ಹಾಲಿತ್ತು.

ಹೋದ ತಿಂಗಳು ಹಾವೇರಿಯ ಒಂದು ಕಲ್ಯಾಣ ಮಂಟಪದಲ್ಲಿ ಅಪ್ಪನ ಹಳೆಯ ವಿದ್ಯಾರ್ಥಿಗಳು ಗುರುವಂದನೆ ಇಟ್ಟುಕೊಂಡಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಮೈಕಿನ ಮುಂದೆ ಬಂದವರೆಲ್ಲ ಹೇಳಿದ್ದು ಒಂದೇ. ಸರ್ ಕೈಯಿಂದ ಏಟು ತಿಂದೇ ನಾವು ಮನುಷ್ಯರಾದೆವು. ಚಪ್ಪಾಳೆ. ಈಗ ದೊಡ್ಡ ವ್ಯಾಪಾರಿಯಾಗಿರುವ ಒಬ್ಬರು ಎದ್ದು ನಗೆಚಾಟಿಕೆ ಮಾಡಿದರು.

"ನಮ್ಮ ಕ್ಲಾಸಿನಾಗ ಒಬ್ಬವ ಇದ್ದ. ಸರ್ ಲೆಕ್ಕ ಹೇಳಾಕತ್ರ ಇವ ಬೆಂಚ್ ಮ್ಯಾಗ ಬೆರಳಲೆ ಡೋಲು ಬಾರಸಾಂವ. ಒಂದಿನ ಸರ್ ಒಂದ ಬಿಟ್ರು ನೋಡ್ರಿ, ಎಡಗಪಾಳಕ್ಕ! ಕಿವಿಯಾಗಿಂದ ರಕ್ತ ಬಂತು. ಮರುದಿನದಿಂದ ಸಾಲಿನ ಬಿಟ್ಟ. ಕಡೀಕ ಬ್ಯಾಡಗ್ಯಾಗ ರೇಡಿಯೋ ರಿಪೇರಿ ಮಾಡ್ಕೋತ ಇದ್ದ ಅಂತ. ಬಾರಸಾಂವ ಬಾರಸೂದರಾಗ ಉಳದ!"

ಮಂಟಪವೆಲ್ಲ ಗೊಳ್ಳೆಂದು ನಕ್ಕಿತು. ಶಾಲು ಹೊದ್ದ ಅಪ್ಪನೂ ನಕ್ಕರು. ಮೊದಲ ಸಾಲಿನಲ್ಲಿ ಕೂತ ನನಗೆ ಮೈ ಉರಿಯಿತು. ಬಲಗಿವಿಗೇ ಹಿಡಿದ ಎರಡೂ ಬದಿ, ತಿರುಗಿಸಿ ತಿರುಗಿಸಿ ಕೇಳಿದ ಹಾಡು, ಮೇಜಿನ ಕೆಳಗೆ ಅಡಗಿದ ಕೈ, ಬೇಕಾಗದ ಎಡಗಡೆ... ಎಲ್ಲ ಒಮ್ಮೆಗೇ ಬಂದು ಬಡಿಯಿತು. ಎದ್ದು ಮೈಕು ಕಸಿದುಕೊಳ್ಳಬೇಕಿತ್ತು. ಕೂತೇ ಇದ್ದೆ. ಊಟವನ್ನೂ ಮಾಡಿದೆ. ನನ್ನ ಸಿಟ್ಟಿನಲ್ಲಿ ಒಂದು ಪಾಲು ಆ ಊಟದ್ದು.

ಮರು ಭಾನುವಾರ ಬ್ಯಾಡಗಿಗೆ ಹೋದೆ. ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಮನೆ ಹುಡುಕಿಕೊಂಡು ಹೋದರೆ ನಾನು ಹೆಸರು ಹೇಳುತ್ತಿದ್ದ ಹಾಗೇ ಅವರ ಹೆಂಡತಿ ಗುರುತು ಹಿಡಿದರು. "ಸರ್ ಮಗಳಲ್ಲೇನವಾ ನೀ? ಮೊದಲನೇ ದಿನಾನ ಮನಿಗೆ ಬಂದು ಹೇಳಿದ್ರು."

"ನನಗ ಯಾಕ ಹೇಳಲಿಲ್ಲರಿ ಕಾಕು?"

"ನಾನೂ ಅದನ್ನ ಕೇಳಿದ್ನಿ. ಆಕೀ ಏನ ಮಾಡ್ಯಾಳ, ಆಕೀಗೆ ಯಾಕ ಹೇಳೂದು ಅಂದ್ರು." ಒಳಗೆ ಹೋಗಿ ಈ ಕವರು ತಂದು ನನ್ನ ಮಡಿಲಲ್ಲಿಟ್ಟರು. "ಇದರಾಗ ಹಾಡು ಕೇಳ್ಕೋತ ಕುಂದರತಿದ್ರು. ನಮಗ ಇದು ಬಗೀಹರಿಯಂಗಿಲ್ಲ, ನೀನ ಒಯ್ಯವಾ."

ಕಾಕಾನ ಮೇಲೂ ನನಗೆ ಸಿಟ್ಟಿದೆ. ಅವರು ಹೇಳಬೇಕಿತ್ತು. ಬೆಸುಗೆ ಕಡ್ಡಿ ಕೆಳಗಿಟ್ಟು, ನಿನ್ನ ಅಪ್ಪ ನನ್ನ ಕಿವಿ ಒಡೆದ, ನನ್ನ ಸಾಲಿ ಬಿಡಿಸಿದ, ನಡೆ ಇಲ್ಲಿಂದ ಎನ್ನಬೇಕಿತ್ತು. ಅದರ ಬದಲು ನನ್ನ ಕಿವಿಯ ಬಗ್ಗೆ ಕಾಳಜಿ ಮಾಡಿದರು. ಒಳ್ಳೆಯವರ ಈ ಒಳ್ಳೆಯತನವನ್ನು ನಂಬಿಕೊಂಡೇ ಮಂಟಪಗಳಲ್ಲಿ ಶಾಲು ಹೊದಿಸುವುದು ನಡೆದಿದೆ.

ಅಪ್ಪ ಈ ವಾರ ನಮ್ಮ ಮನೆಯಲ್ಲಿದ್ದಾರೆ. ಇವತ್ತು ಬೆಳಿಗ್ಗೆ ಸೀನಿದ ಮೇಲೆ ಮೂಗು ಒರೆಸಿಕೊಂಡು ಹೆಡ್‌ಫೋನು ಹಿಡಿದು ಪಡಸಾಲೆಗೆ ಹೋದೆ. ಪೇಪರು ಓದುತ್ತಿದ್ದರು. ಬೆಂಚು ಬಾರಿಸುತ್ತಿದ್ದ ಆ ಹುಡುಗನ ಕಿವಿ ಕಡೆಯವರೆಗೂ ಕೇಳಲೇ ಇಲ್ಲ, ಗೊತ್ತಿತ್ತೇ ಎಂದು ಕೇಳಿದೆ.

"ಯಾವ ಹುಡುಗ?" ಎಂದರು ಅಪ್ಪ.

ನಾಟಕವಲ್ಲ. ಖರೇನೇ ನೆನಪಿಲ್ಲ. ಮಂಟಪದಲ್ಲಿ ಎಲ್ಲರೂ ನಕ್ಕರೆಂದು ನಕ್ಕಿದ್ದರು. "ಎಷ್ಟ ಮಂದಿಗೆ ಬಡದೇನೋ. ಎಲ್ಲಾರನ್ನೂ ನೆನಪ ಇಟ್ಕೊಳ್ಳಾಕ ಆಗ್ತದೇನ?"

ಹೆಡ್‌ಫೋನನ್ನು ಅವರ ತಲೆಗೇರಿಸಿದೆ. ಎರಡು ಗಿಟಾರಿನ ಆ ಹಾಡನ್ನೇ ಹಚ್ಚಿದೆ, ಕಾಕಾ ಕಲಿಸಿದ ಹಾಗೆ ದನಿ ಸಣ್ಣದಾಗಿಟ್ಟು. ಅಪ್ಪ ಹುಬ್ಬು ಗಂಟಿಕ್ಕಿದರು. ಕೈ ಎತ್ತಿ ಎಡಗಿವಿಯ ಮೇಲೆ ತಟ್ಟಿ ನೋಡಿದರು.

"ಈ ಕಡೆ ಏನೂ ಬರವಲ್ದಲ್ಲ. ರಿಪೇರಿ ಮಾಡಸಬಾರ್ದೇನ ಇದನ್ನ?"

"ಕೆಟ್ಟಿಲ್ಲಪ್ಪಾ. ಆ ಹುಡುಗಗ ಸಾಯೂತನಕ ಹಿಂಗ ಕೇಳಸ್ತಿತ್ತು."

ಅಪ್ಪನ ಮುಖ ನೋಡಿದೆ. ಅರ್ಥವಾಯಿತೋ, ಸಿಟ್ಟು ಬಂತೋ, ನನಗೆ ತಿಳಿಯಲಿಲ್ಲ. ಹೆಡ್‌ಫೋನು ತೆಗೆದುಹಾಕಲು ಕೈ ಎತ್ತಿದರು. ನಾನು ಆ ಕೈ ಹಿಡಿದುಕೊಂಡೆ. ಬಲಗೈ. ಹಾಡು ಮುಗಿಯುವವರೆಗೂ ಬಿಡಲಿಲ್ಲ.